ಕೈಲಾಸ–ಮಾನಸ ಸರೋವರ: ‘ಒಂದಲ್ಲ ಒಂದು ದಿನ ಹೋಗಬೇಕು’ ಎನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ‘ಕೈಲಾಸ ಸೇರಿದರು’ ಎಂದರೆ ತೀರಿಕೊಂಡರು ಎಂದೇ ಅರ್ಥ. 2019ರಲ್ಲಿ ನಾನೂ ನನ್ನ ಚಿಕ್ಕಮ್ಮನೂ ಕೈಲಾಸಕ್ಕೆ ಹೊರಟಿದ್ದೇವೆ ಎಂದಾಗ ಅಜ್ಜಿ ‘ಬಿಡ್ತು ಅನ್ನು’ ಎಂದು ಗದರಿದ್ದರು. ಹೋಗಿ ಜೀವಸಹಿತ ವಾಪಸು ಬಂದ ಮೇಲೆ ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಾಗಲೂ ಜನ ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನು ಪ್ರವಾಸದ ಏಜೆಂಟನೂ ಅಲ್ಲ, ವೈದ್ಯನೂ ಅಲ್ಲ. ಒಮ್ಮೆ ಹೋಗಿ ಬಂದವನು, ಆಮೇಲೆ ಹೋದವರನ್ನೆಲ್ಲ ಕೂರಿಸಿಕೊಂಡು ವಿಚಾರಿಸಿದವನು, ಅಷ್ಟೆ.

ಕೈಲಾಸ ಇರುವುದು ನೇಪಾಳದಲ್ಲಲ್ಲವೇ?

ಅಲ್ಲ. ನೇಪಾಳದ ಮೂಲಕ ಹೋಗುವವರು ಹೆಚ್ಚಾದ್ದರಿಂದ ಈ ತಪ್ಪು ಕಲ್ಪನೆ ಬೆಳೆದಿದೆ. ಪರ್ವತ ಇರುವುದು ಟಿಬೆಟ್ಟಿನ ಪಶ್ಚಿಮ ಭಾಗದಲ್ಲಿ, ಅಂದರೆ ಚೀನಾದ ಆಡಳಿತಕ್ಕೆ ಒಳಪಟ್ಟ ನೆಲದಲ್ಲಿ. ಎತ್ತರ 6,638 ಮೀಟರ್. ಎವರೆಸ್ಟಿಗಿಂತ ಎರಡು ಸಾವಿರ ಮೀಟರಿಗೂ ಹೆಚ್ಚು ಗಿಡ್ಡ. ಆದರೆ ತೀರ ಪಕ್ಕದಲ್ಲಿ ಇದಕ್ಕೆ ಸರಿಸಮ ನಿಲ್ಲುವ ಶಿಖರವಿಲ್ಲದೆ ಒಂಟಿಯಾಗಿ ಎದ್ದು ನಿಂತಿರುವುದರಿಂದ ಕಣ್ಣಿಗೆ ಬೇರೆಯೇ ಆಗಿ ಬೀಳುತ್ತದೆ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ ಮತ್ತು ಗಂಗೆಯ ಉಪನದಿಯಾದ ಕರ್ನಾಲಿ, ನಾಲ್ಕೂ ಹುಟ್ಟುವುದು ಈ ಆಸುಪಾಸಿನಲ್ಲಿ.

ನಮಗೆ ಶಿವನ ಮನೆ. ಬೌದ್ಧರಿಗೆ ‘ಕಾಂಗ್ ರಿಂಪೋಚೆ’, ಹಿಮದ ಅನರ್ಘ್ಯ ರತ್ನ. ಟಿಬೆಟ್ಟಿನ ಹಳೆಯ ಬೋನ್ ಧರ್ಮದವರಿಗೂ ಪವಿತ್ರ, ಅವರು ಅಪ್ರದಕ್ಷಿಣವಾಗಿ ಸುತ್ತುತ್ತಾರೆ. ಎದುರಿನಿಂದ ಬರುವ ಅವರನ್ನು ಕಂಡು ‘ದಾರಿ ತಪ್ಪಿದ್ದಾರೆ’ ಎಂದು ನಮ್ಮ ಗುಂಪಿನವರೊಬ್ಬರು ಮರುಗಿದ್ದರು. ಜೈನರಿಗೆ ಇದು ಅಷ್ಟಾಪದ. ಶ್ರವಣಬೆಳಗೊಳದ ಬಾಹುಬಲಿಯ ತಂದೆ, ಮೊದಲ ತೀರ್ಥಂಕರ ಋಷಭನಾಥ ಮುಕ್ತಿ ಪಡೆದದ್ದು ಇಲ್ಲಿ ಎಂಬುದು ಅವರ ನಂಬಿಕೆ.

ಎಷ್ಟು ದಾರಿಗಳಿವೆ? ಯಾವುದು ಒಳ್ಳೆಯದು?

ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯ ಕರೆದೊಯ್ಯುವ ದಾರಿಗಳು ಎರಡು. ಮೊದಲನೆಯದು ಉತ್ತರಾಖಂಡದ ಲಿಪುಲೇಖ್. 1981ರಿಂದ ನಡೆದು ಬಂದಿದೆ. ದೆಹಲಿಯಿಂದ ಧಾರ್ಚುಲಾ, ಗುಂಜಿ, ನಾಭಿಢಾಂಗ್ ಮೂಲಕ ಘಟ್ಟ ಏರಿ, ಆ ಕಡೆ ಇಳಿದರೆ ಟಿಬೆಟ್ಟಿನ ತಕ್ಲಾಕೋಟ್ ಊರು. ಎರಡನೆಯದು ಸಿಕ್ಕಿಂನ ನಾಥು ಲಾ, 2015ರಲ್ಲಿ ತೆರೆದದ್ದು. 4,310 ಮೀಟರಿನ ಈ ಘಟ್ಟ ದಾಟಿದ ಮೇಲೆ ಟಿಬೆಟ್ಟಿನೊಳಗೆ ದಿನಗಟ್ಟಲೆ ಬಸ್ ಪ್ರಯಾಣ. 2017ರಲ್ಲಿ ಡೋಕ್ಲಾಂನಲ್ಲಿ ಭಾರತ–ಚೀನಾ ಸೇನೆಗಳ ಬಿಕ್ಕಟ್ಟು ಬಂದಾಗ ಈ ದಾರಿ ಆ ವರ್ಷದ ಮಟ್ಟಿಗೆ ಮುಚ್ಚಿತು. ಕೋವಿಡ್ ಬಂದ 2020ರಿಂದ ಎರಡೂ ನಿಂತು, ಐದು ವರ್ಷ ಕಾಯಿಸಿ, 2025ರ ಜೂನಿನಲ್ಲಿ ಮತ್ತೆ ಶುರುವಾದವು.

ಖಾಸಗಿಯವರು ಒಯ್ಯುವುದು ನೇಪಾಳದ ಮೂಲಕ. ಕಠ್ಮಂಡುವಿನಿಂದ ಕೇರುಂಗ್ ಗಡಿ ದಾಟಿ, ಸಾಗಾ ಎಂಬ ಊರಿನ ಮೇಲಿಂದ ಜೀಪು ಇಲ್ಲವೇ ಬಸ್ಸಿನಲ್ಲಿ ಹೋಗುವುದು ಒಂದು. ನೇಪಾಳಗಂಜಿನಿಂದ ಸಣ್ಣ ವಿಮಾನದಲ್ಲಿ ಸಿಮಿಕೋಟ್, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಹಿಲ್ಸಾ ತಲುಪಿ ಗಡಿ ದಾಟುವುದು ಇನ್ನೊಂದು. ಹೆಲಿಕಾಪ್ಟರ್ ಎಂದೊಡನೆ ಹಿರಿಯರು ‘ಇದೇ ಸಲೀಸು’ ಎನ್ನುತ್ತಾರೆ. ಮೋಡ ಕವಿದರೆ ಅದು ಹಾರುವುದಿಲ್ಲ. 2018ರ ಜುಲೈಯಲ್ಲಿ ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟ್ ಕಡೆಯಲ್ಲಿ ಒಟ್ಟು 1,500ಕ್ಕೂ ಹೆಚ್ಚು ಭಾರತೀಯರು ದಿನಗಟ್ಟಲೆ ಸಿಕ್ಕಿಹಾಕಿಕೊಂಡರು. ಅವರಲ್ಲಿ ಕರ್ನಾಟಕದವರೇ ಇನ್ನೂರಕ್ಕೂ ಹೆಚ್ಚು. ಹಾಗೆಂದು ರಸ್ತೆಯನ್ನೂ ನಂಬುವಂತಿಲ್ಲ: 2025ರ ಜುಲೈ 8ರಂದು ಭೋಟೆಕೋಶಿ ನದಿಯ ಪ್ರವಾಹ ಕೇರುಂಗ್ ದಾರಿಯ ರಸುವಾಗಢಿಯಲ್ಲಿದ್ದ ಗಡಿ ಸೇತುವೆಯನ್ನೇ ಹೊತ್ತೊಯ್ದಿತು.

ಸರ್ಕಾರದ ಯಾತ್ರೆಗೆ ಆಯ್ಕೆಯಾದರೆ ಅದನ್ನೇ ಹಿಡಿಯಿರಿ ಎನ್ನುತ್ತೇನೆ. ಮೂರು ವಾರ ಬೇಕಾಗುತ್ತದೆ ನಿಜ. ಆ ನಿಧಾನದಲ್ಲೇ ದೇಹ ಎತ್ತರಕ್ಕೆ ಒಗ್ಗುತ್ತದೆ. ಹತ್ತು–ಹನ್ನೆರಡು ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರು ಉಳಿಸುವುದು ನಿಮ್ಮ ರಜೆಯನ್ನು, ಕಳೆಯುವುದು ಈ ಒಗ್ಗುವ ಕಾಲವನ್ನು.

ಸರ್ಕಾರದ ಯಾತ್ರೆಗೆ ಅರ್ಜಿ ಹಾಕಿದರೆ ಸಿಗುತ್ತದೆಯೇ?

ಲಾಟರಿ. ಸಚಿವಾಲಯದ ಯಾತ್ರೆಯ ಜಾಲತಾಣದಲ್ಲಿ ಅರ್ಜಿ, ಕಂಪ್ಯೂಟರಿನಲ್ಲಿ ಆಯ್ಕೆ. 2025ರಲ್ಲಿ 5,561 ಜನ ಅರ್ಜಿ ಹಾಕಿದ್ದರು. ಆಯ್ಕೆಯಾದವರು, ತಂಡಕ್ಕೆ ಇಬ್ಬರಂತೆ ಇರುವ ಸಂಪರ್ಕಾಧಿಕಾರಿಗಳನ್ನೂ ಸೇರಿಸಿ, 750. ಲಿಪುಲೇಖ್ ದಾರಿಯಲ್ಲಿ ಐವತ್ತು ಜನರ ಐದು ತಂಡ, ನಾಥು ಲಾ ದಾರಿಯಲ್ಲಿ ಹತ್ತು. ಶಿಫಾರಸು ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಆ ಯೋಚನೆ ಬಿಡಿ.

ವಯಸ್ಸು 18ರಿಂದ 70ರೊಳಗೆ ಇರಬೇಕು. ಭಾರತದ ಪಾಸ್‌ಪೋರ್ಟ್ ಬೇಕು, ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿ ಅಲ್ಲಿನ ಪೌರತ್ವ ಪಡೆದ ಕನ್ನಡಿಗರು ಓಸಿಐ ಕಾರ್ಡ್ ತೋರಿಸಿ ಇದರಲ್ಲಿ ಸೇರಲು ಆಗುವುದಿಲ್ಲ, ಅವರಿಗೆ ಖಾಸಗಿ ದಾರಿಯೇ ಗತಿ. ಆಮೇಲೆ ಬಹಳ ಮಂದಿ ಮುಗ್ಗರಿಸುವ ನಿಯಮ: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ಮೀರಬಾರದು. ಎತ್ತರ ಐದೂವರೆ ಅಡಿ ಇದ್ದರೆ ತೂಕ ಸುಮಾರು 70 ಕೆ.ಜಿ.ಯೊಳಗೆ ಇರಬೇಕು ಎಂದು ಲೆಕ್ಕ. ದೆಹಲಿಯಲ್ಲಿ ಒಮ್ಮೆ, ಮೇಲೆ ಹೋದ ಮೇಲೆ ಇನ್ನೊಮ್ಮೆ ತಪಾಸಣೆ. ಲಿಪುಲೇಖ್ ದಾರಿಯವರಿಗೆ ಎರಡನೆಯದು ಗುಂಜಿಯಲ್ಲಿ. ಅಲ್ಲಿ ಬೀಪಿ ಏರಿದ್ದರೆ ಅಲ್ಲಿಂದಲೇ ವಾಪಸು.

ಖರ್ಚೆಷ್ಟು?

2025ರಲ್ಲಿ ಸರ್ಕಾರದ ಯಾತ್ರೆಗೆ ಲಿಪುಲೇಖ್ ಮೂಲಕ ಸುಮಾರು 1.74 ಲಕ್ಷ ರೂಪಾಯಿ, ನಾಥು ಲಾ ಮೂಲಕ ಸುಮಾರು 2.83 ಲಕ್ಷ. ಬೆಂಗಳೂರಿನಿಂದ ದೆಹಲಿಗೆ ಹೋಗಿಬರುವುದು, ಬೂಟು, ಬೆಚ್ಚನೆಯ ಬಟ್ಟೆ ಇದರ ಮೇಲೆ. ಖಾಸಗಿಯದು ದಾರಿ ಮತ್ತು ಸೌಕರ್ಯಕ್ಕೆ ತಕ್ಕಂತೆ, ಸಾಮಾನ್ಯವಾಗಿ ಎರಡು ಲಕ್ಷ ದಾಟುತ್ತದೆ. ಕರಪತ್ರದ ಮೊತ್ತ ನೋಡಿ ಖುಷಿಪಡುವ ಮೊದಲು ಒಂದು ಪ್ರಶ್ನೆ ಕೇಳಿ: ಪರಿಕ್ರಮದ ಕುದುರೆ, ಹೊರೆಯಾಳು, ಗಡಿಯಲ್ಲಿ ಒಂದೆರಡು ದಿನ ಹೆಚ್ಚು ಉಳಿಯಬೇಕಾದರೆ ಅದರ ಖರ್ಚು, ಇವು ಸೇರಿವೆಯೇ? ‘ಅದೆಲ್ಲ ಅಲ್ಲಿ ನೋಡಿಕೊಳ್ಳೋಣ ಸರ್’ ಎಂಬ ಉತ್ತರ ಬಂದರೆ ಬೇರೆ ಕಡೆ ವಿಚಾರಿಸಿ.

ಕರ್ನಾಟಕ ಸರ್ಕಾರ ಹಣ ಕೊಡುತ್ತದೆ ಎನ್ನುತ್ತಾರಲ್ಲ?

ಮುಜರಾಯಿ ಇಲಾಖೆಯಿಂದ ಮಾನಸ ಸರೋವರ ಯಾತ್ರಿಕರಿಗೆ 30,000 ರೂಪಾಯಿ ಸಹಾಯಧನ ಇದೆ. ಮೊದಲೇ ಕೈಗೆ ಬರುವ ಹಣವಲ್ಲ, ಯಾತ್ರೆ ಮುಗಿಸಿ ಬಂದ ಮೇಲೆ ದಾಖಲೆಗಳೊಂದಿಗೆ ಅರ್ಜಿ ಹಾಕಬೇಕು. ಹಾಗಾಗಿ ಚೀನಾದ ಮುದ್ರೆ ಬಿದ್ದ ಕಾಗದ, ರಸೀದಿ, ಬೋರ್ಡಿಂಗ್ ಪಾಸ್ ಯಾವುದನ್ನೂ ಬಿಸಾಡಬೇಡಿ. ಹೊರಡುವ ಮುನ್ನವೇ ಇಲಾಖೆಯಲ್ಲಿ ಆ ವರ್ಷದ ನಿಯಮ ಕೇಳಿಕೊಳ್ಳಿ.

ನಿವೃತ್ತಿಯಾದ ಮೇಲೆ ನೆಮ್ಮದಿಯಾಗಿ ಹೋಗಬೇಕೆಂದಿದ್ದೇನೆ. ಈಗೇಕೆ ಅವಸರ?

ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆ ಇದೇ. ನನಗೆ ಕೊಂಚ ಸಿಟ್ಟು ತರಿಸುವ ಪ್ರಶ್ನೆಯೂ ಇದೇ.

ಕಾಶಿ, ರಾಮೇಶ್ವರವನ್ನು ವಯಸ್ಸಾದ ಮೇಲೆ ಎಂದು ಎತ್ತಿಡುವುದು ನಮ್ಮಲ್ಲಿ ರೂಢಿ. ಮಕ್ಕಳ ಮದುವೆ ಆಗಲಿ, ಮನೆ ಸಾಲ ತೀರಲಿ, ಮೊಮ್ಮಗು ಶಾಲೆಗೆ ಸೇರಲಿ. ಕೈಲಾಸವನ್ನು ಆ ಪಟ್ಟಿಗೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಅರವತ್ತಕ್ಕೆ ನಿವೃತ್ತಿ, ಎಪ್ಪತ್ತಕ್ಕೆ ಸರ್ಕಾರದ ಬಾಗಿಲು ಬಂದ್. ನಡುವೆ ಸಿಗುವುದು ಹತ್ತು ವರ್ಷ. ಆ ಹತ್ತರಲ್ಲಿ ಐದನ್ನು ಕೋವಿಡ್ ಮತ್ತು ಗಡಿಯ ರಾಜಕೀಯ ನುಂಗಿದ್ದನ್ನು ಈಗಷ್ಟೇ ನೋಡಿದ್ದೇವೆ. 2019ರಲ್ಲಿ ನಮ್ಮ ಜೊತೆ ಹೊರಡಬೇಕಿದ್ದ ಅರವತ್ತೇಳರ ಹಿರಿಯರೊಬ್ಬರು ‘ಮುಂದಿನ ವರ್ಷ ನೋಡೋಣ’ ಎಂದು ಹಿಂದೆ ಸರಿದರು. ಮುಂದಿನ ವರ್ಷ ಬಂದದ್ದು ಅವರಿಗೆ ಎಪ್ಪತ್ತಮೂರು ತುಂಬಿದಾಗ.

ಮಂಡಿಯ ಮಾತಂತೂ ಬೇರೆಯೇ. ಐವತ್ತರಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದವರು ಅರವತ್ತೈದರಲ್ಲಿ ಹತ್ತುತ್ತಾರೆ, ಇಳಿಯುವಾಗ ಕೈಹಿಡಿ ಹುಡುಕುತ್ತಾರೆ. ಕೈಲಾಸದ ಎರಡನೆಯ ದಿನದ ಇಳಿಜಾರಿನಲ್ಲಿ ಕೈಹಿಡಿ ಇಲ್ಲ. ದುಡ್ಡು ಕೂಡುವವರೆಗೆ ಕಾಯಿರಿ, ಬಿಡುವು ಸಿಗುವವರೆಗೆ ಕಾಯಬೇಡಿ. ಬಿಡುವು ಯಾರಿಗೂ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಎತ್ತರದ ಕಾಯಿಲೆ ಎಂದರೆ ಏನು? ನನಗೆ ಬರುತ್ತದೆಯೇ?

ಬರುತ್ತದೋ ಇಲ್ಲವೋ ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ. ಮ್ಯಾರಥಾನ್ ಓಡುವ ಹುಡುಗ ಸಾಗಾದಲ್ಲಿ ವಾಂತಿ ಮಾಡಿಕೊಂಡು ಮಲಗಿದ್ದ, ಜೀವಮಾನದಲ್ಲಿ ಓಡದ ಗೃಹಿಣಿ ಅವನಿಗೆ ಶುಂಠಿ ಕಷಾಯ ಕಾಯಿಸಿಕೊಟ್ಟರು.

ಮೊದಲು ಅಳತೆ ತಿಳಿಯಲಿ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮಾನಸ ಸರೋವರದ ದಡ 4,590 ಮೀಟರ್. ಪರಿಕ್ರಮದ ನಡುವೆ ದಾಟುವ ಡೋಲ್ಮಾ ಲಾ ಘಟ್ಟ 5,630 ಮೀಟರ್, ಅಂದರೆ ಮೂರು ಮುಳ್ಳಯ್ಯನಗಿರಿಗೆ ಕೊಂಚ ಕಡಿಮೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನ ಕಡಲ ದಂಡೆಯಲ್ಲಿ ಸಿಗುವುದರ ಅರ್ಧದಷ್ಟು.

ದೇಹ ಇದಕ್ಕೆ ಒಗ್ಗುತ್ತದೆ, ಆದರೆ ಅದಕ್ಕೆ ಸಮಯ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರ ಲೆಕ್ಕ. ನೇಪಾಳದ ರಸ್ತೆ ದಾರಿಯಲ್ಲಿ ಈ ಲೆಕ್ಕ ಮುರಿಯುವುದು ಒಂದೇ ದಿನದಲ್ಲಿ: ಕೇರುಂಗ್ ಸುಮಾರು 2,800 ಮೀಟರ್, ಮರುದಿನ ರಾತ್ರಿ ಮಲಗುವ ಸಾಗಾ 4,500ರ ಆಸುಪಾಸು. ಆದ್ದರಿಂದ ಕೇರುಂಗಿನಲ್ಲಿ ಎರಡು ರಾತ್ರಿ ನಿಲ್ಲಿಸುವ ತಂಡವನ್ನೇ ಆರಿಸಿ. ‘ಕೇರುಂಗಿನಲ್ಲಿ ಏನಿದೆ, ಒಂದು ದಿನ ದಂಡ’ ಎಂದು ಗುಂಪಿನಲ್ಲಿ ಯಾರಾದರೂ ಗೊಣಗಿಯೇ ಗೊಣಗುತ್ತಾರೆ. ಗೊಣಗಲಿ.

ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಬಹುತೇಕ ಎಲ್ಲರಿಗೂ ಬರುತ್ತದೆ. ಮೇಲೆ ಹೋಗದೆ ಅಲ್ಲೇ ವಿಶ್ರಾಂತಿ ತೆಗೆದುಕೊಂಡರೆ ಸಾಮಾನ್ಯವಾಗಿ ಇಳಿಯುತ್ತದೆ. ಹೆದರಬೇಕಾದ ಲಕ್ಷಣಗಳು ಬೇರೆ. ಸುಮ್ಮನೆ ಕುಳಿತಾಗಲೂ ಏದುಸಿರು, ಎದೆಯಲ್ಲಿ ಗೊರಗೊರ ಸದ್ದು, ನೊರೆ ಕೂಡಿದ ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ ಎಂದು ಅರ್ಥ. ಮಾತು ತೊದಲುವುದು, ನೆಲದ ಮೇಲೆ ಗೆರೆ ಎಳೆದು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಿರಿ ಎಂದರೆ ಓಲಾಡುವುದು ಮಿದುಳು ಊದಿಕೊಂಡ ಗುರುತು. ಇವೆರಡಕ್ಕೂ ಮದ್ದು ಕೆಳಗೆ ಇಳಿಯುವುದು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಮ್ಲಜನಕದ ಸಿಲಿಂಡರ್, ಚುಚ್ಚುಮದ್ದು ಎಲ್ಲವೂ ಇಳಿಯುವವರೆಗಿನ ಆಸರೆ ಮಾತ್ರ.

ಡಯಮಾಕ್ಸ್ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಒಗ್ಗಿಕೊಳ್ಳಲು ನೆರವಾಗುತ್ತದೆ. ಸಲ್ಫಾ ಔಷಧದ ಅಲರ್ಜಿ ಇರುವವರಿಗೆ ಅಪಾಯವಾಗಬಹುದು. ಪಕ್ಕದವರ ಡಬ್ಬಿಯಿಂದ ತೆಗೆದು ನುಂಗದೆ, ನಿಮ್ಮ ವೈದ್ಯರನ್ನು ಊರಿನಲ್ಲೇ ಕೇಳಿ. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ.

ಇನ್ನೊಂದು ಮಾತು: ಜನ ಲಕ್ಷಣಗಳನ್ನು ಮುಚ್ಚಿಡುತ್ತಾರೆ. ಇಷ್ಟು ದುಡ್ಡು ಕೊಟ್ಟು ಬಂದು, ಶಿವನ ಬಾಗಿಲಿನಿಂದ ವಾಪಸು ಕಳಿಸಿಬಿಟ್ಟರೆ ಎಂಬ ಭಯ. ನಮ್ಮ ಗುಂಪಿನ ಮುಖಂಡ ರಾತ್ರಿ ಊಟದ ಹೊತ್ತಿಗೆ ಎಲ್ಲರ ಬೆರಳಿಗೂ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕುತ್ತಿದ್ದ. ಅವನು ಬರುವ ಮೊದಲು ಕೆಲವರು ಬಾಗಿಲ ಹಿಂದೆ ನಿಂತು ದೀರ್ಘವಾಗಿ ಉಸಿರೆಳೆದು ಸಂಖ್ಯೆ ಏರಿಸಿಕೊಳ್ಳುತ್ತಿದ್ದರು, ಪರೀಕ್ಷೆಗೆ ಮುನ್ನ ಚೀಟಿ ಓದುವ ಹುಡುಗರ ಹಾಗೆ.

ಪರಿಕ್ರಮ ಎಷ್ಟು ಕಷ್ಟ?

ಒಟ್ಟು 52 ಕಿಲೋಮೀಟರ್, ಮೂರು ದಿನ. ದಾರ್ಚೆನ್ ಊರಿನಿಂದ ಯಮದ್ವಾರದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಮೊದಲ ದಿನ ಸುಮಾರು 12 ಕಿಲೋಮೀಟರ್ ನಡೆದರೆ ದಿರಾಪುಕ್. ದಾರಿ ನದಿಯ ಪಕ್ಕದಲ್ಲಿ, ಹೆಚ್ಚು ಏರಿಲ್ಲ. ದಿರಾಪುಕ್ಕಿನಲ್ಲಿ ಕೈಲಾಸದ ಉತ್ತರ ಮುಖ ಕಿಟಕಿಯಲ್ಲಿ ಬಂದು ನಿಂತಂತೆ ಕಾಣುತ್ತದೆ.

ಕಠಿಣವಾದದ್ದು ಎರಡನೆಯ ದಿನ. ಕತ್ತಲಲ್ಲೇ ಹೊರಟು, ಬಂಡೆಗಳ ನಡುವೆ ಡೋಲ್ಮಾ ಲಾ ಏರಬೇಕು. ಘಟ್ಟಕ್ಕೆ ಮುನ್ನ ಶಿವಸ್ಥಲ ಎಂಬ ಜಾಗ ಸಿಗುತ್ತದೆ. ಅಲ್ಲಿ ಟಿಬೆಟ್ಟಿನವರು ತಮ್ಮ ಬಟ್ಟೆಯನ್ನೋ ಕೂದಲಿನ ಎಳೆಯನ್ನೋ ಬಿಟ್ಟು ಹೋಗುತ್ತಾರೆ, ಹಳೆಯ ಜನ್ಮ ಅಲ್ಲಿಗೆ ಮುಗಿಯಿತು ಎಂಬಂತೆ. ಮಾಸಿದ ಸ್ವೆಟರು, ಮಗುವಿನ ಕಾಲುಚೀಲ, ಒಂದು ಕನ್ನಡಕ ಕಲ್ಲುಗಳ ಮೇಲೆ ಬಿದ್ದಿದ್ದವು. ಅಲ್ಲಿಂದ ಹತ್ತು ಹೆಜ್ಜೆ, ನಿಲ್ಲು; ಹತ್ತು ಹೆಜ್ಜೆ, ನಿಲ್ಲು. ಘಟ್ಟದ ಮೇಲೆ ಮಂತ್ರ ಬರೆದ ಬಾವುಟಗಳ ರಾಶಿ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ಬಿಡುವುದಿಲ್ಲ. ಇಳಿಯುವಾಗ ಕೆಳಗೆ ಗೌರಿಕುಂಡ. ನಾವು ಹೋದ ಜೂನ್‌ನಲ್ಲಿ ಅದರ ಮುಕ್ಕಾಲು ಪಾಲು ಮಂಜುಗಟ್ಟಿತ್ತು. ಇಳಿದು ಮುಗಿಯಿತು ಎಂದುಕೊಂಡ ಮೇಲೂ ಆ ರಾತ್ರಿ ತಂಗುವ ಝುಥುಲ್‌ಪುಕ್ಕಿಗೆ ಗಂಟೆಗಟ್ಟಲೆ ನಡಿಗೆ ಬಾಕಿ ಇರುತ್ತದೆ, ಬಹಳ ಜನರ ಸ್ಥೈರ್ಯ ಕೈಕೊಡುವುದು ಈ ಸಪಾಟು ನೆಲದಲ್ಲೇ. ಮೂರನೆಯ ದಿನ ಸುಲಭ.

ಕುದುರೆ ಹತ್ತಿದರೆ ಆಯಿತಲ್ಲ?

ಏರುವುದಕ್ಕೆ ಆಗುತ್ತದೆ. ಡೋಲ್ಮಾ ಲಾದಿಂದ ಇಳಿಯುವಾಗ ಕುದುರೆಯಿಂದ ಇಳಿದು ನಡೆಯಲೇಬೇಕು, ಅಷ್ಟು ಕಡಿದು. ಕುದುರೆಯವನಿಗೆ ಹಿಂದಿ ಬರುವುದಿಲ್ಲ, ಜೀನು ಸಡಿಲವಿದ್ದರೆ ಕೈಸನ್ನೆಯೇ ಭಾಷೆ. ಮೂರೂ ದಿನಕ್ಕೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು, ಅರ್ಧ ದಾರಿಯಲ್ಲಿ ಬೇಕೆಂದರೆ ಸಿಗುವುದು ಕಷ್ಟ.

ಪೂರ್ತಿ ಸುತ್ತಲು ಆಗದಿದ್ದರೆ ಯಾತ್ರೆ ವ್ಯರ್ಥವೇ?

ಚಿಕ್ಕಮ್ಮನಿಗೆ ಆಗ 61. ದಿರಾಪುಕ್ಕಿನಲ್ಲಿ ಬೆಳಗಿನ ನಾಲ್ಕೂವರೆಗೆ ಆಕ್ಸಿಮೀಟರ್ 68 ತೋರಿಸಿತು. ಮುಖಂಡ ಏನೂ ಹೇಳುವ ಮೊದಲೇ ಅವರು ಬೂಟಿನ ದಾರ ಬಿಚ್ಚತೊಡಗಿದರು. ‘ನೀನು ಹೋಗಪ್ಪ, ನಾನು ಇಲ್ಲಿಂದಲೇ ನೋಡುತ್ತೇನೆ’ ಎಂದರು. ಕೆಳಗೆ ಇಳಿಸಲು ಏಳು ಗಂಟೆಗೆ ಜನ ಸಿದ್ಧರಾದರು. ಅಲ್ಲಿಯವರೆಗೆ ಅವರು ಎರಡು ರಜಾಯಿ ಹೊದ್ದು, ಸಿಲಿಂಡರಿನ ನಳಿಕೆ ಮೂಗಿಗೆ ಹಾಕಿಕೊಂಡು, ಕಿಟಕಿಯ ಪಕ್ಕ ಕುಳಿತರು.

ನಾನು ಘಟ್ಟ ಏರಿದೆ. ಮೇಲೆ ಮೋಡ. ಮುಂದೆ ಹೋಗುತ್ತಿದ್ದವರ ಬೆನ್ನುಚೀಲ ಬಿಟ್ಟರೆ ಬೇರೇನೂ ಕಾಣಲಿಲ್ಲ. ಇಳಿದು ದಾರ್ಚೆನ್ ಸೇರಿದಾಗ ಚಿಕ್ಕಮ್ಮ ಬಿಸಿನೀರು ಕುಡಿಯುತ್ತ ಹೇಳಿದರು: ಆರು ಗಂಟೆಗೆ ತುದಿ ಮೊದಲು ಕೆಂಪಗಾಯಿತು, ಆಮೇಲೆ ಅರಿಶಿನ ಕೊಂಬಿನ ಬಣ್ಣ, ಆ ಬಣ್ಣ ಇಂಚಿಂಚಾಗಿ ಕೆಳಗೆ ಇಳಿಯಿತು, ಇಪ್ಪತ್ತು ನಿಮಿಷ. ನಾನು ಏನು ನೋಡಿದೆ ಎಂದು ಕೇಳಿದರು. ನನ್ನ ಬಳಿ ಹೇಳಲು ಬೆನ್ನುಚೀಲದ ಬಣ್ಣ ಇತ್ತು.

ಅರ್ಧಕ್ಕೆ ಮರಳುವವರಿಗೆ ಕಾಗದದ ತೊಡಕೊಂದಿದೆ. ನೇಪಾಳದ ಮೂಲಕ ಸಿಗುವುದು ಗುಂಪು ವೀಸಾ, ಒಂದೇ ಹಾಳೆಯಲ್ಲಿ ಎಲ್ಲರ ಹೆಸರು. ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ. ಕಾಯಿಲೆಯಿಂದ ಒಬ್ಬರೇ ಗಡಿ ದಾಟಬೇಕಾದರೆ ಅವರ ಹೆಸರನ್ನು ಬೇರೆ ಮಾಡಿಸಬೇಕು. ಆ ಕೆಲಸ ಮಾಡಿಸಬಲ್ಲ ಜನ ತಂಡದಲ್ಲಿದ್ದಾರೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಪರಿಕ್ರಮದ ದಾರಿಗೆ ಹೆಲಿಕಾಪ್ಟರ್ ಬಂದು ಎತ್ತಿಕೊಳ್ಳುತ್ತದೆ ಎಂದೂ ಲೆಕ್ಕ ಹಾಕಬೇಡಿ, ಅದರ ಮಾತು ನೇಪಾಳದ ಗಡಿಗೆ ಬಂದ ಮೇಲೆ.

ಅಪಾಯ ನಿಜವಾಗಿಯೂ ಇದೆಯೇ?

ಇದೆ. 1998ರ ಆಗಸ್ಟಿನಲ್ಲಿ ಲಿಪುಲೇಖ್ ದಾರಿಯ ಮಾಲ್ಪಾ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ ಕೂಡ ಇದ್ದರು. ಆಗ ಅಲ್ಲಿ ದಿನಗಟ್ಟಲೆ ನಡಿಗೆ. ಈಗ ರಸ್ತೆ ಬಂದು ಬಹುತೇಕ ದಾರಿಯನ್ನು ವಾಹನದಲ್ಲೇ ಕ್ರಮಿಸಬಹುದು. ಹಿಮಾಲಯದ ಗುಡ್ಡ ಮಾತ್ರ ಅದೇ ಗುಡ್ಡ. ಮಳೆಗಾಲದಲ್ಲಿ ಎರಡು ದಿನ ರಸ್ತೆ ಬಂದ್ ಎಂದರೆ ಚಾಲಕನ ಮೇಲೆ ರೇಗಬೇಡಿ.

ಮಾನಸ ಸರೋವರದಲ್ಲಿ ಸ್ನಾನ ಮಾಡಬಹುದೇ?

ಇತ್ತೀಚಿನ ವರ್ಷಗಳಲ್ಲಿ ನೀರಿಗಿಳಿದು ಮುಳುಗಲು ಬಿಡುತ್ತಿಲ್ಲ. ಬಕೆಟ್ಟಿನಲ್ಲಿ ನೀರು ತಂದು ದಡದಿಂದ ದೂರ ಸುರಿದುಕೊಳ್ಳಬೇಕು. ಬಿಸಿಲಿರುವ ಮಧ್ಯಾಹ್ನ ಮಾಡಿ, ಬ್ರಾಹ್ಮೀ ಮುಹೂರ್ತಕ್ಕೆ ಎದ್ದು ತಣ್ಣೀರು ಸುರಿದುಕೊಂಡು ಜ್ವರ ತಂದುಕೊಂಡವರ ಪರಿಕ್ರಮ ಅಲ್ಲಿಗೇ ಮುಗಿದದ್ದನ್ನು ಕಂಡಿದ್ದೇನೆ.

ಪಕ್ಕದಲ್ಲೇ ರಾಕ್ಷಸ ತಾಲ್ ಇದೆ. ರಾವಣ ಶಿವನಿಗಾಗಿ ತಪಸ್ಸು ಮಾಡಿದ್ದು ಅದರ ದಡದಲ್ಲಂತೆ. ಅದನ್ನು ಯಾರೂ ಮುಟ್ಟುವುದಿಲ್ಲ. ಅವನು ಇಲ್ಲಿಂದ ಹೊತ್ತ ಆತ್ಮಲಿಂಗ ಕೊನೆಗೆ ನೆಲ ಕಚ್ಚಿದ್ದು ನಮ್ಮ ಗೋಕರ್ಣದಲ್ಲಿ. ಆ ದೂರವನ್ನು ರಸ್ತೆ, ಮೂರು ವಿಮಾನ, ಎರಡು ಬಸ್ಸಿನಲ್ಲಿ ಕ್ರಮಿಸಿದವನಿಗೆ ರಾವಣನ ಮೇಲೆ ಗೌರವ ಹೆಚ್ಚಾಗುತ್ತದೆ.

ಊಟ? ಚಟ್ನಿಪುಡಿ ಒಯ್ಯಬಹುದೇ?

ಒಯ್ಯಲೇಬೇಕು. ಬಹುತೇಕ ತಂಡಗಳು ನೇಪಾಳಿ ಅಡುಗೆಯವರನ್ನು ಕರೆದೊಯ್ಯುತ್ತವೆ, ಸಸ್ಯಾಹಾರ ಸಿಗುತ್ತದೆ. ಆದರೆ ಐದು ಸಾವಿರ ಮೀಟರಿನಲ್ಲಿ ನೀರು 83 ಡಿಗ್ರಿಯ ಹೊತ್ತಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದಿದ್ದರೆ ಅನ್ನ ಅರೆಬೆಂದೇ ಇರುತ್ತದೆ, ಬೇಳೆಯ ಮಾತು ಕೇಳಲೇಬೇಡಿ. ಹಸಿವೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ನಾಲಿಗೆಗೆ ಏನಾದರೂ ಖಾರ, ಹುಳಿ ತಾಗಿದರೆ ನಾಲ್ಕು ತುತ್ತು ಇಳಿಯುತ್ತದೆ. ಪುಳಿಯೋಗರೆ ಗೊಜ್ಜು, ಹುರಿಹಿಟ್ಟು, ಅವಲಕ್ಕಿ ಒಯ್ಯಿರಿ. ಸಾಗಾದಲ್ಲಿ ಚೀಲ ತೆರೆದಾಗ ನಮ್ಮ ಚಟ್ನಿಪುಡಿಯ ಪೊಟ್ಟಣ ಚೆಂಡಿನಂತೆ ಉಬ್ಬಿ ಕುಳಿತಿತ್ತು. ಹೊರಗಿನ ಗಾಳಿಯ ಒತ್ತಡ ಕಡಿಮೆಯಾದಾಗ ಒಳಗಿನದು ಹಿಗ್ಗುತ್ತದೆ. ಚಿಕ್ಕಮ್ಮ ಕತ್ತರಿಯಿಂದ ಮೂಲೆ ಕತ್ತರಿಸಿದ್ದೇ ತಡ, ಪುಡಿ ಪಟ್ಟೆಂದು ಎದುರಿನ ಮಂಚದ ಹೊದಿಕೆಯವರೆಗೂ ಹಾರಿತು. ಡಬ್ಬಿಯಲ್ಲಿ ಒಯ್ಯಿರಿ, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ.

ಶೌಚಾಲಯ?

ದಾರ್ಚೆನ್‌ವರೆಗೆ ಪರವಾಗಿಲ್ಲ. ಪರಿಕ್ರಮದಲ್ಲಿ ಗುಂಡಿ, ಕೆಲವೆಡೆ ಬಯಲು. ಹೆಂಗಸರು ಒಂದು ಕೊಡೆ ಇಟ್ಟುಕೊಂಡರೆ ಮರೆಗೆ ಆಗುತ್ತದೆ. ರಾತ್ರಿ ಒಬ್ಬರೇ ಹೊರಗೆ ಹೋಗಬೇಡಿ, ಟಾರ್ಚ್ ತಲೆಗೆ ಕಟ್ಟುವಂಥದ್ದಿರಲಿ.

ಮುಟ್ಟಿನ ದಿನ ಬಂದರೆ ಏನು ಮಾಡುವುದು?

ಅಲ್ಲಿ ಗರ್ಭಗುಡಿಯಿಲ್ಲ, ಅರ್ಚಕರಿಲ್ಲ, ಯಾರೂ ಕೇಳುವುದಿಲ್ಲ. ಮುಂದೂಡುವ ಮಾತ್ರೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಸ್ತ್ರೀರೋಗ ತಜ್ಞರಿಗೆ ಹೋಗುವ ಎತ್ತರವನ್ನೂ ತಿಳಿಸಿ: ಇಂಥ ಕೆಲವು ಮಾತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಮೊಬೈಲ್ ಕೆಲಸ ಮಾಡುತ್ತದೆಯೇ? ಒಯ್ಯಬಾರದ ವಸ್ತು ಏನು?

ಚೀನಾದಲ್ಲಿ ವಾಟ್ಸ್ಆ್ಯಪ್, ಗೂಗಲ್ ತೆರೆಯುವುದಿಲ್ಲ. ‘ಒಂದು ವಾರ ಫೋನು ಬರದಿದ್ದರೆ ಕ್ಷೇಮವಾಗಿದ್ದೇನೆ ಎಂದೇ ಅರ್ಥ’ ಎಂದು ಮನೆಯಲ್ಲಿ ಹೇಳಿ ಹೊರಡಿ.

ದಲಾಯಿ ಲಾಮಾ ಅವರ ಚಿತ್ರ ಟಿಬೆಟ್ಟಿನಲ್ಲಿ ನಿಷಿದ್ಧ. ಕನ್ನಡಿಗರಿಗೆ ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಬೈಲಕುಪ್ಪೆ, ಮುಂಡಗೋಡಿಗೆ ಹೋದಾಗ ಕೊಂಡ ಕೀಲಿಗೊಂಚಲು, ಪರ್ಸಿನ ಚೀಟಿ, ಮೊಬೈಲಿನ ಹಳೆಯ ಫೋಟೋ ನೆನಪೇ ಇಲ್ಲದೆ ಜೊತೆಗೆ ಬಂದಿರುತ್ತವೆ. ಗಡಿಯಲ್ಲಿ ಚೀಲ ತೆರೆಸುತ್ತಾರೆ, ಪುಸ್ತಕದ ಪುಟ ತಿರುವಿ ನೋಡುತ್ತಾರೆ.

ಕೈಲಾಸವನ್ನು ಯಾರೂ ಏಕೆ ಹತ್ತಿಲ್ಲ? ಅಲ್ಲಿ ಉಗುರು, ಕೂದಲು ಬೇಗ ಬೆಳೆಯುವುದು ನಿಜವೇ?

ಹತ್ತಿಲ್ಲದಿರುವುದಕ್ಕೆ ಕಾರಣ ಭಕ್ತಿ ಮತ್ತು ನಿಷೇಧ. ಪರ್ವತಾರೋಹಿ ರೇನ್‌ಹೋಲ್ಡ್ ಮೆಸ್ನರ್‌ಗೆ 1980ರ ದಶಕದಲ್ಲಿ ಅವಕಾಶ ಸಿಕ್ಕಿತ್ತು, ಆತ ಒಲ್ಲೆ ಎಂದ. ಉಗುರಿನ ಕಥೆ ವಾಟ್ಸ್ಆ್ಯಪ್ಪಿನದು. ಹತ್ತು ದಿನ ಕತ್ತರಿಸದಿದ್ದರೆ ಬಸವನಗುಡಿಯಲ್ಲೂ ಬೆಳೆಯುತ್ತದೆ.

2026ಕ್ಕೆ ಏನೋ ವಿಶೇಷ ಎನ್ನುತ್ತಾರಲ್ಲ?

ಟಿಬೆಟ್ಟಿನ ಪಂಚಾಂಗದಲ್ಲಿ ಅದು ಕುದುರೆ ವರ್ಷ, ಹನ್ನೆರಡು ವರ್ಷಕ್ಕೊಮ್ಮೆ ಬರುವುದು. ಆ ವರ್ಷ ಒಂದು ಸುತ್ತು ಹಾಕಿದರೆ ಉಳಿದ ವರ್ಷಗಳಲ್ಲಿ ಹಲವು ಸುತ್ತು ಹಾಕಿದ ಫಲ ಎಂದು ಅವರು ನಂಬುತ್ತಾರೆ. ಜನಜಂಗುಳಿಯೂ ಹಲವು ಪಟ್ಟು ಎಂದೇ ಲೆಕ್ಕ.

ಎಷ್ಟು ತಿಂಗಳ ತಯಾರಿ ಬೇಕು?

ಆರು. ಮೊದಲ ಮೂರು ತಿಂಗಳು ದಿನಾ ಐದಾರು ಕಿಲೋಮೀಟರ್ ಬಿರುಸು ನಡಿಗೆ. ಆಮೇಲೆ ವಾರಕ್ಕೊಮ್ಮೆ ಶಿವಗಂಗೆ, ಚಾಮುಂಡಿ ಬೆಟ್ಟದಂಥ ಮೆಟ್ಟಿಲು, ಬೆನ್ನಿಗೆ ಐದು ಕೆ.ಜಿ. ಹೊತ್ತು. ಹತ್ತುವುದಕ್ಕಿಂತ ಇಳಿಯುವ ಅಭ್ಯಾಸ ಮುಖ್ಯ. ಬೂಟು ಹೊಸದಾಗಿ ಕೊಂಡು ನೇರ ಅಲ್ಲಿಗೆ ಒಯ್ಯಬೇಡಿ, ನೂರು ಕಿಲೋಮೀಟರಾದರೂ ಇಲ್ಲೇ ಸವೆಸಿ. ಊರಿನಲ್ಲಿ ಎಷ್ಟು ಬೆಟ್ಟ ಹತ್ತಿದರೂ ಎತ್ತರ ರೂಢಿಯಾಗುವುದಿಲ್ಲ, ಕಾಲು ಗಟ್ಟಿಯಾಗುತ್ತದೆ. ಅಷ್ಟೇ ಸಾಕು.

ಟಿಬೆಟ್ಟಿಗೆ ಹೋಗುವ ಯೋಗವೇ ಇಲ್ಲ ಎಂದಾದರೆ?

ಪಿಥೋರಾಗಢ ಜಿಲ್ಲೆಯ ಹಳೆಯ ಲಿಪುಲೇಖ್ ಎಂಬಲ್ಲಿಂದ, ಭಾರತದ ನೆಲದ ಮೇಲೆ ನಿಂತೇ, ಕೈಲಾಸದ ದರ್ಶನ ಮಾಡಬಹುದು. 2024ರ ಅಕ್ಟೋಬರಿನಲ್ಲಿ ಮೊದಲ ಯಾತ್ರಿಕರು ಅಲ್ಲಿಗೆ ಹೋದರು. ಅದೇ ಸುತ್ತಿನಲ್ಲಿ ಆದಿ ಕೈಲಾಸ, ಓಂ ಪರ್ವತ ಎಂಬ ಶಿಖರಗಳ ದರ್ಶನವೂ ಆಗುತ್ತದೆ. ಪಾಸ್‌ಪೋರ್ಟ್ ಬೇಡ, ಗಡಿ ಪ್ರದೇಶದ ಇನ್ನರ್ ಲೈನ್ ಪರವಾನಗಿ ಬೇಕು. ಅದೂ ಎತ್ತರದ ಜಾಗವೇ, ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಅನ್ವಯ.

ಅದೂ ಆಗದಿದ್ದರೆ ಎಲ್ಲೋರಾಕ್ಕೆ ಹೋಗಿ. ಎಂಟನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ ಇಡೀ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಸಿ ಕೈಲಾಸ ಮಾಡಿಸಿದ. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲ ನೋಡಿದವರಿಗೆ ಅದರ ಛಾಪು ಅಲ್ಲಿ ಗುರುತು ಸಿಗುತ್ತದೆ. ಹತ್ತು ತಲೆಯ ರಾವಣ ಕೆಳಗೆ ಕುಳಿತು ಬೆಟ್ಟ ಅಲುಗಾಡಿಸುತ್ತಿರುವ ಶಿಲ್ಪದ ಮುಂದೆ ಉಸಿರಿಗೆ ಬರವಿಲ್ಲದೆ ಗಂಟೆಗಟ್ಟಲೆ ನಿಲ್ಲಬಹುದು.

ಬರುವಾಗ ಏನು ತರಬೇಕು?

ಸರೋವರದ ನೀರು. ಎಲ್ಲರೂ ಕೇಳುವುದು ಅದನ್ನೇ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಗಟ್ಟಿ ಕ್ಯಾನಿಗೆ ಟೇಪು ಸುತ್ತಿ ದೊಡ್ಡ ಚೀಲದಲ್ಲಿಡಿ. ತುಂಬುವಾಗ ಕುತ್ತಿಗೆಯವರೆಗೆ ತುಂಬಬೇಡಿ. ಚಿಕ್ಕಮ್ಮ ತಂದದ್ದು ಒಂದು ಲೀಟರ್. ದೇವರ ಮನೆಯಲ್ಲಿ ತಾಮ್ರದ ತಂಬಿಗೆಯಲ್ಲಿದೆ. ಕೇಳಿ ಬಂದ ನೆಂಟರಿಗೆ, ಹೆರಿಗೆಗೆ ಹೊರಟ ಸೊಸೆಯಂದಿರಿಗೆ, ಹಾಸಿಗೆ ಹಿಡಿದವರಿಗೆ ಒಂದೊಂದು ಉದ್ಧರಣೆ ಕೊಡುತ್ತ ವರ್ಷಗಳೇ ಕಳೆದಿವೆ. ತಂಬಿಗೆಯ ಮಟ್ಟ ಮಾತ್ರ ಇಳಿದಂತೆ ಕಾಣುವುದಿಲ್ಲ. ಕೇಳಿದರೆ ‘ಕೈಲಾಸದ ನೀರಲ್ಲವೇನೋ’ ಎಂದು ನಕ್ಕು, ಅಡುಗೆಮನೆಯ ಫಿಲ್ಟರಿನ ಕಡೆ ನೋಡದ ಹಾಗೆ ನೋಡುತ್ತಾರೆ.